ಪ್ಯೂರ್ ಡೇಟಾ: ಬಡವರ ಮ್ಯಾಕ್ಸ್ ಅಲ್ಲ

ಪ್ಯೂರ್ ಡೇಟಾ, ಮ್ಯಾಕ್ಸ್ ಎರಡೂ ಕಂಪ್ಯೂಟರಿನಲ್ಲಿ ನಾದ ಹುಟ್ಟಿಸುವ ತಂತ್ರಾಂಶಗಳು; ಮೊದಲನೆಯದು ಉಚಿತ, ಎರಡನೆಯದಕ್ಕೆ ಬೆಲೆಯಿದೆ. ಪ್ಯೂರ್ ಡೇಟಾ ಎಂದರೆ ದುಡ್ಡು ಕೊಡಲಾಗದವರ ಮ್ಯಾಕ್ಸ್ ಎಂದು ತಳ್ಳಿಹಾಕುವವರಿದ್ದಾರೆ. ಎರಡರ ಹುಟ್ಟು ಗೊತ್ತಿದ್ದವರು ಹಾಗನ್ನಲಾರರು. 1980ರ ದಶಕದಲ್ಲಿ ಪ್ಯಾರಿಸ್ಸಿನ ಇರ್ಕಾಮ್ ಸಂಗೀತ ಸಂಶೋಧನಾ ಸಂಸ್ಥೆಯಲ್ಲಿ ಮ್ಯಾಕ್ಸ್ ಬರೆದವರು ಮಿಲ್ಲರ್ ಪಕೆಟ್. 1990ರಲ್ಲಿ ಅದು ಮಾರುಕಟ್ಟೆಗೆ ಬಂತು. ಅದೇ ಪಕೆಟ್ 1996ರಲ್ಲಿ ಸ್ಯಾನ್ ಡಿಯಾಗೊದ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಪ್ಯೂರ್ ಡೇಟಾವನ್ನು ಹೊಸದಾಗಿ ಬರೆದು, ಮೂಲ ಕೋಡ್ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟರು. ಮುಂದಿನ ವರ್ಷ ಮ್ಯಾಕ್ಸ್‌ಗೆ ಸೇರಿದ ಧ್ವನಿ ವಿಭಾಗ ಎಂಎಸ್‌ಪಿ ನಿಂತದ್ದೂ ಈ ಕೆಲಸದ ಮೇಲೆಯೇ.

ಪ್ಯೂರ್ ಡೇಟಾದಲ್ಲಿ ಪರದೆಯ ಮೇಲೆ ಚೌಕಗಳನ್ನಿಟ್ಟು ಗೆರೆ ಎಳೆದು ಜೋಡಿಸಿದರೆ (ಈ ಜೋಡಣೆಯೇ ಪ್ಯಾಚ್) ನಾದ ಹೊರಡುತ್ತದೆ. ನಮ್ಮ ಸಂಗೀತ ಕೇಳಿ ಬೆಳೆದವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಸ್ಟುಡಿಯೋ ತಂತ್ರಾಂಶಗಳು ಬಹುಮಟ್ಟಿಗೆ ಪಿಯಾನೋ ಮನೆಗಳ ಲೆಕ್ಕದಲ್ಲಿ ಯೋಚಿಸುತ್ತವೆ. ಗಮಕ ಓಡಾಡುವುದು ಆ ಮನೆಗಳ ನಡುವೆ. ಪ್ಯೂರ್ ಡೇಟಾದಲ್ಲಿ ಸ್ವರವೆಂದರೆ ಬರೀ ಒಂದು ಸಂಖ್ಯೆ. ಷಡ್ಜದ ಆವರ್ತನವನ್ನು 3/2ರಿಂದ ಗುಣಿಸಿದರೆ ಪಂಚಮ, 5/4ರಿಂದ ಗುಣಿಸಿದರೆ ಅಂತರ ಗಾಂಧಾರ. ಒಂದರಿಂದ ಇನ್ನೊಂದಕ್ಕೆ ಎಷ್ಟು ಮಿಲಿಸೆಕೆಂಡಿನಲ್ಲಿ ಜಾರಬೇಕೆಂದು ಹೇಳಿದರೆ ಜಾರು ಕೇಳಿಸುತ್ತದೆ. ಮ್ಯಾಕ್ಸ್‌ನಲ್ಲೂ ಇದೆಲ್ಲ ಸಾಧ್ಯ. ಆದರೆ ಅದು ಲಿನಕ್ಸ್‌ನಲ್ಲಿ ಓಡದು. ಪ್ಯೂರ್ ಡೇಟಾ ರಾಸ್ಪ್‌ಬೆರಿ ಪೈಯಂಥ ಪುಟ್ಟ ಕಂಪ್ಯೂಟರಿನಲ್ಲೂ ಓಡುತ್ತದೆ.

ಪ್ಯೂರ್ ಡೇಟಾದ ಕೊರತೆಗಳೂ ಸಣ್ಣವಲ್ಲ. ನೋಟ ಹಳೆಯದು, ಮೊದಲ ಸಲ ತೆರೆದವರಿಗೆ ಖಾಲಿ ಕಿಟಕಿಯೇ ಗೋಡೆಯಾಗುತ್ತದೆ. ಮ್ಯಾಕ್ಸ್‌ನ ಸಹಾಯ ಪುಟಗಳ ಅಚ್ಚುಕಟ್ಟು ಇಲ್ಲಿಲ್ಲ, ಸಂಗೀತ ತಯಾರಿಕೆಯ ತಂತ್ರಾಂಶ ಏಬಲ್ಟನ್ ಲೈವ್‌ನೊಳಗೆ ಮ್ಯಾಕ್ಸ್ ಬೆರೆತ ಸಲೀಸೂ ಇಲ್ಲ. ನೂರಾರು ಹೆಚ್ಚುವರಿ ಚೌಕಗಳನ್ನು ಕಟ್ಟಿಕೊಡುತ್ತಿದ್ದ ಪ್ಯೂರ್ ಡೇಟಾದ ವಿಸ್ತೃತ ಆವೃತ್ತಿ ಪಿಡಿ-ಎಕ್ಸ್‌ಟೆಂಡೆಡ್ ನಿಂತುಹೋದಾಗ, ಅದನ್ನೇ ನಂಬಿ ಬರೆದ ಎಷ್ಟೋ ಪ್ಯಾಚ್‌ಗಳು ಕುಂಟಿದವು. ಉಚಿತವೆಂದ ಮಾತ್ರಕ್ಕೆ ಶಾಶ್ವತವಲ್ಲ.

ಪಕೆಟ್ ಸ್ವತಃ ಕಾಪಾಡಿಕೊಂಡು ಬಂದ ಮೂಲ ಆವೃತ್ತಿಯ ಮಾತು ಬೇರೆ. ಅದರ ಪ್ಯಾಚ್ ಸರಳ ಪಠ್ಯದ ಕಡತ. ಯಾರು ಬೇಕಾದರೂ ತೆರೆದು ಓದಬಹುದು. ಸಂಗೀತ ರಚನಕಾರ ಫಿಲಿಪ್ ಮನೂರಿಯವರ 1988ರ ಪಿಯಾನೋ ಕೃತಿ ‘ಪ್ಲೂಟನ್’ ಇರ್ಕಾಮ್‌ನ ವಿಶೇಷ ಧ್ವನಿ ಯಂತ್ರಕ್ಕಾಗಿ ರಚಿತವಾದದ್ದು. ಆ ಯಂತ್ರದ ಕಾಲ ಮುಗಿದರೂ ಕೃತಿಯನ್ನು ಇಂದು ಪ್ಯೂರ್ ಡೇಟಾದಲ್ಲಿ ನುಡಿಸಬಹುದು. ಕಲೆಗೆ ಇದಕ್ಕಿಂತ ದೊಡ್ಡ ಸೇವೆಯನ್ನು ಒಂದು ತಂತ್ರಾಂಶದಿಂದ ನಾನು ಬಯಸಲಾರೆ.

ಏಬಲ್ಟನ್‌ನಲ್ಲೇ ಕೆಲಸ ಮಾಡುವವರು ಮ್ಯಾಕ್ಸ್ ಕೊಳ್ಳಲಿ. ಉಳಿದವರು, ಮುಖ್ಯವಾಗಿ ಸಂಗೀತ ಶಾಲೆಗಳು, ಪ್ಯೂರ್ ಡೇಟಾದಿಂದ ಶುರುಮಾಡಬೇಕು. ಪಕೆಟ್ ಅವರ 2007ರ ಪಠ್ಯಪುಸ್ತಕ ಅಂತರ್ಜಾಲದಲ್ಲಿ ಉಚಿತವಾಗಿದೆ. ಗಣಿತ ಬಿಗಿಯೆನಿಸಿದರೆ ಅದರ ಉದಾಹರಣೆ ಪ್ಯಾಚ್‌ಗಳನ್ನು ಮೊದಲು ತೆರೆದು, ಸಂಖ್ಯೆಗಳನ್ನು ಬದಲಿಸಿ ಕೇಳಿ ನೋಡಿ.