ನಾಕೌಟ್‌ನಲ್ಲಿ ನಿಂತವರು

ಕೋಲಾರದ ಕಡೆ ಹಳ್ಳಿಗಳಲ್ಲಿ ಕ್ರಿಕೆಟ್ ಆಡುವವನ ಯೋಗ್ಯತೆ ತೀರ್ಮಾನವಾಗುವುದು ಒಂದೇ ಪ್ರಶ್ನೆಯಿಂದ: ‘ಫೈನಲ್‌ನಲ್ಲಿ ಏನ್ ಕಿಸ್ದ?’ ಕ್ಯಾಲನೂರಿರಲಿ, ಮುಳಬಾಗಿಲಿರಲಿ, ಶ್ರೀನಿವಾಸಪುರವಿರಲಿ, ಟೆನಿಸ್ ಬಾಲ್ ಟೂರ್ನಿ ಎಂದರೆ ಸೋತವರು ಅಂದೇ ಮನೆಗೆ. ಲೀಗು, ಪಾಯಿಂಟು, ರನ್‌ರೇಟು ಎಂಬ ಬಾಬತ್ತೇ ಇಲ್ಲ. ಇಂಥ ಆಟ ನೋಡಿ ಬೆಳೆದವರು ರಣಜಿ ಟ್ರೋಫಿಯ ಮಾತು ಬಂದಾಗಲೂ ಅದೇ ಅಳತೆ ಹಿಡಿಯುತ್ತಾರೆ. ವಿಶ್ವನಾಥ್ ದೊಡ್ಡವರೋ ಬ್ರಿಜೇಶ್ ಪಟೇಲ್ ದೊಡ್ಡವರೋ, ಕರುಣ್ ನಾಯರ್ ಮುಂದೋ ಮನೀಶ್ ಪಾಂಡೆ ಮುಂದೋ ಎಂಬ ಜಗಳ ಕೊನೆಗೆ ಸೆಮಿಫೈನಲ್ ಮತ್ತು ಫೈನಲ್‌ಗಳ ಲೆಕ್ಕಕ್ಕೇ ಬಂದು ನಿಲ್ಲುತ್ತದೆ.

ಅಂಕಿ-ಅಂಶದ ಪಂಡಿತರು ಈ ಪದ್ಧತಿಯನ್ನು ನೋಡಿ ನಗುತ್ತಾರೆ. ಎರಡು ಪಂದ್ಯ ನೋಡಿ ಇಪ್ಪತ್ತು ವರ್ಷದ ಆಟಕ್ಕೆ ತೀರ್ಪು ಕೊಡಲಾದೀತೇ ಎನ್ನುವುದು ಅವರ ಆಕ್ಷೇಪ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಕೆನಡಾ ಮತ್ತು ಅಮೆರಿಕದ ಐಸ್ ಹಾಕಿ ಲೀಗಾದ ಎನ್‌ಎಚ್‌ಎಲ್‌ನಲ್ಲೂ ಹಳಬರನ್ನು ಪ್ಲೇಆಫ್ ಆಟದಿಂದಲೇ ತೂಗುವ ರೂಢಿಯಿದೆ. ಆದರೆ ಅಲ್ಲಿ ಸ್ಟ್ಯಾನ್ಲಿ ಕಪ್ ಗೆಲ್ಲಲು ಏಳು ಪಂದ್ಯಗಳ ಸರಣಿಗಳನ್ನು ನಾಲ್ಕು ಸುತ್ತು ದಾಟಬೇಕು, ಒಟ್ಟು 16 ಪಂದ್ಯ ಗೆಲ್ಲಬೇಕು. ವೇಯ್ನ್ ಗ್ರೆಟ್ಸ್ಕಿ ಆಡಿದ ಪ್ಲೇಆಫ್ ಪಂದ್ಯಗಳೇ 208, ಅವುಗಳಲ್ಲಿ ಹೊಡೆದ ಗೋಲು 122. ತೀರ್ಪು ಕೊಡಲು ಅದು ಸಾಕಷ್ಟು ಸಾಮಗ್ರಿ. ನಮ್ಮ ರಣಜಿಯಲ್ಲಾದರೋ ಕ್ವಾರ್ಟರ್ ಫೈನಲ್‌ನಿಂದ ಫೈನಲ್‌ವರೆಗೆ ಹೋದರೂ ವರ್ಷಕ್ಕೆ ಮೂರು ಪಂದ್ಯ. ಒಂದು ಎಲ್‌ಬಿಡಬ್ಲ್ಯು ತೀರ್ಪು ಆಚೀಚೆಯಾದರೆ ಚರಿತ್ರೆಯೇ ಆಚೀಚೆ.

ಹಾಗಿದ್ದೂ ನಾನು ಹಳ್ಳಿಯವರ ಪ್ರಶ್ನೆಯ ಪರವೇ. ಅದಕ್ಕೆ ಕಾರಣ ರಣಜಿಯ ಹಳೆಯ ರಚನೆಯಲ್ಲಿದೆ. 2002-03ರಲ್ಲಿ ಎಲೀಟ್ ಮತ್ತು ಪ್ಲೇಟ್ ಗುಂಪುಗಳು ಬರುವತನಕ ಟ್ರೋಫಿ ನಡೆಯುತ್ತಿದ್ದದ್ದು ವಲಯಗಳ ಲೆಕ್ಕದಲ್ಲಿ. ದಕ್ಷಿಣ ವಲಯದಲ್ಲಿ ಕರ್ನಾಟಕಕ್ಕೆ ತಮಿಳುನಾಡು ಮತ್ತು ಹೈದರಾಬಾದ್ ಸಮಸಮ ಎದುರಾಳಿಗಳು. ಆಂಧ್ರ, ಕೇರಳ, ಆಮೇಲೆ ಸೇರಿದ ಗೋವಾ ಅಂದಿನ ಮಟ್ಟಿಗೆ ದುರ್ಬಲ ತಂಡಗಳು. ಕೇರಳ ಮೊದಲ ಸಲ ಸೆಮಿಫೈನಲ್ ಕಂಡದ್ದೇ 2018-19ರಲ್ಲಿ. ಅಂಥವರ ಮೇಲೆ ಹೊಡೆದ ಶತಕ, ಕಿತ್ತ ವಿಕೆಟ್ಟು ಎಲ್ಲ ಸರಾಸರಿಯೊಳಗೆ ಕಲೆತುಹೋಗಿವೆ. ಮುಂಬೈ, ದೆಹಲಿಗಳ ಎದುರು ನಿಲ್ಲುವ ಪ್ರಸಂಗ ಬರುತ್ತಿದ್ದದ್ದು ಹೆಚ್ಚಾಗಿ ನಾಕೌಟ್‌ನಲ್ಲೇ. ಆದ್ದರಿಂದ ವಲಯದ ಕಾಲದವರಿಗೆ ನಾಕೌಟ್ ಎಂಬುದು ಹೆಚ್ಚುಕಡಿಮೆ ಇದ್ದೊಂದೇ ಪರೀಕ್ಷೆ. ಎಲೀಟ್ ಗುಂಪಿನ ಕಾಲದವರಿಗೆ ಅದು ಹಲವು ಪರೀಕ್ಷೆಗಳಲ್ಲಿ ಒಂದು. ಎರಡು ಕಾಲದವರನ್ನು ಒಂದೇ ಪಟ್ಟಿಯಲ್ಲಿ ಕೂರಿಸುವಾಗ ಈ ವ್ಯತ್ಯಾಸವನ್ನು ಮರೆಯುವವರೇ ಹೆಚ್ಚು.

1974ರ ಸೆಮಿಫೈನಲ್‌ನಿಂದಲೇ ಶುರುಮಾಡಬೇಕು, ಬೇರೆ ದಾರಿಯಿಲ್ಲ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಋತುವದು. ಮೈಸೂರು ತಂಡವಾಗಿ 1941-42 ಮತ್ತು 1959-60ರಲ್ಲಿ ಫೈನಲ್ ಮುಟ್ಟಿ ಎರಡು ಸಲವೂ ಬಾಂಬೆಗೆ ಸೋತಿದ್ದೆವು. ಆ ಬಾಂಬೆ 1958-59ರಿಂದ ಸತತ 15 ವರ್ಷ ಟ್ರೋಫಿಯನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಬೆಂಗಳೂರಿನಲ್ಲಿ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಕರ್ನಾಟಕ 385. ಬಾಂಬೆ 307ಕ್ಕೆ ಮುಗಿಯಿತು. ಗಾವಸ್ಕರ್ ಅವರನ್ನು ಪ್ರಸನ್ನ ಬೌಲ್ಡ್ ಮಾಡಿದರು. ಕಚ್ಚಿಕೊಂಡು ನಿಂತಿದ್ದ ಅಜಿತ್ ವಾಡೇಕರ್ ಓಡುವಾಗ ಜಾರಿ ರನೌಟಾದರು. ವಿಶ್ವನಾಥ್ ಇನ್ನಿಂಗ್ಸಿನ ಆರಂಭದಲ್ಲೇ ಬೌಲರ್ ಇಸ್ಮಾಯಿಲ್ ಎಸೆತಕ್ಕೆ ಎಲ್‌ಬಿಡಬ್ಲ್ಯು ಆಗಿದ್ದರೆಂದು ಬಾಂಬೆಯವರು ಬಹುಕಾಲ ಗೊಣಗಿದರು. ಗೊಣಗಲಿ. ಅಂಪೈರ್ ಬೆರಳೆತ್ತಲಿಲ್ಲ ಅಷ್ಟೆ. ಆಮೇಲಿನ ಆಟವನ್ನು ಅಂಪೈರ್ ಆಡಲಿಲ್ಲ. ಜೈಪುರದ ಫೈನಲ್‌ನಲ್ಲಿ ರಾಜಸ್ಥಾನದ ವಿರುದ್ಧದ ಗೆಲುವು ಇದರ ಮುಂದೆ ಬರೀ ಶಿಷ್ಟಾಚಾರ.

ನಾಲ್ಕು ವರ್ಷದ ನಂತರ ಮೋಹನ್ ನಗರದಲ್ಲಿ ಉತ್ತರಪ್ರದೇಶದ ಎದುರು ಫೈನಲ್. ವಿಶ್ವನಾಥ್ 247. ಎದುರಾಳಿಯ ಎರಡೂ ಇನ್ನಿಂಗ್ಸ್, 117 ಮತ್ತು 124, ಕೂಡಿಸಿದರೂ 241. ಒಬ್ಬನೇ ಆಟಗಾರನ ಒಂದೇ ಇನ್ನಿಂಗ್ಸಿಗೆ ಇಡೀ ತಂಡದ ಎರಡು ಇನ್ನಿಂಗ್ಸ್ ಸಾಲಲಿಲ್ಲ. ಆದರೂ ನನ್ನನ್ನು ಕೇಳಿದರೆ 162ರ ತೂಕವೇ ಹೆಚ್ಚು. ಯಾರ ಎದುರು, ಯಾವ ಗಳಿಗೆಯಲ್ಲಿ ಎಂಬುದನ್ನು ಬಿಟ್ಟು ಬರೀ ರನ್ ಎಣಿಸುವುದಾದರೆ ಲೀಗಿನ ಸರಾಸರಿಯೇ ಸಾಕಿತ್ತು, ನಾಕೌಟ್‌ನ ಗೊಡವೆ ಯಾಕೆ ಬೇಕು?

ಹಳ್ಳಿಯ ಪ್ರಶ್ನೆಯಲ್ಲಿ ನನಗೆ ಕಾಣುವ ದೋಷ ಬೇರೆ. ‘ಏನ್ ಕಿಸ್ದ’ ಎಂದಾಗ ಕೇಳುವವರ ಮನಸ್ಸಿನಲ್ಲಿರುವುದು ಬ್ಯಾಟು. ಕರ್ನಾಟಕದ ಕ್ರಿಕೆಟ್ ಪರಂಪರೆಯನ್ನು ನಾವು ಹೇಳಿಕೊಳ್ಳುವ ರೀತಿಯೂ ಹಾಗೇ: ವಿಶ್ವನಾಥ್ ಅವರ ಸ್ಕ್ವೇರ್ ಕಟ್, ದ್ರಾವಿಡ್ ಅವರ ತಾಳ್ಮೆ. ನಾಕೌಟ್ ಪಂದ್ಯಗಳ ಸ್ಕೋರು ಪಟ್ಟಿ ಹೇಳುವ ಕಥೆಯೇ ಬೇರೆ. 1981-82ರ ಸೆಮಿಫೈನಲ್ ನೋಡಿ. ಬೆಂಗಳೂರಿನಲ್ಲಿ ಬಾಂಬೆ ವಿರುದ್ಧ ಎಡಗೈ ಸ್ಪಿನ್ನರ್ ರಘುರಾಮ್ ಭಟ್ ಹ್ಯಾಟ್ರಿಕ್ ಸೇರಿ 123 ರನ್ನಿಗೆ 8 ವಿಕೆಟ್ ಕಿತ್ತರು. ಎರಡನೇ ಇನ್ನಿಂಗ್ಸ್‌ನಲ್ಲಿ ಚೆಂಡು ಎಷ್ಟು ತಿರುಗುತ್ತಿತ್ತೆಂದರೆ ಸುನಿಲ್ ಗಾವಸ್ಕರ್ ಭಟ್ ಎಸೆತಗಳಿಗೆ ಎಡಗೈಯಲ್ಲಿ ಬ್ಯಾಟ್ ಮಾಡಿದರು, ಉಳಿದವರಿಗೆ ಬಲಗೈಯಲ್ಲಿ. ಜಗತ್ತಿನ ಶ್ರೇಷ್ಠ ಆರಂಭಿಕ ಆಟಗಾರ ತನ್ನ ಕೈಯನ್ನೇ ಬದಲಿಸಿಕೊಂಡ ಎನ್ನುವುದಕ್ಕಿಂತ ದೊಡ್ಡ ಪ್ರಶಸ್ತಿ ಒಬ್ಬ ಬೌಲರ್‌ಗೆ ಸಿಗಲಾರದು. ಆ ಭಟ್ ಆಡಿದ ಟೆಸ್ಟ್ ಎರಡೇ. ಇನ್ನೊಬ್ಬ ಎಡಗೈ ಸ್ಪಿನ್ನರ್, ಬ್ಯಾಟಿಂಗಿಗೂ ಆಗುತ್ತಿದ್ದ ಬಿ. ವಿಜಯಕೃಷ್ಣ ಅವರಿಗೆ ಒಂದೂ ಸಿಗಲಿಲ್ಲ. ಲೀಗು, ಟೆಸ್ಟ್ ಟೋಪಿ, ಸರಾಸರಿ ಇವುಗಳನ್ನೇ ನೆಚ್ಚಿದರೆ ಇಂಥವರು ಪಟ್ಟಿಯ ಅಡಿಗೆ ಹೋಗುತ್ತಾರೆ. ನಾಕೌಟ್ ಅಳತೆಯನ್ನು ಉಳಿಸಿಕೊಳ್ಳಬೇಕೆನ್ನಲು ನನಗಿರುವ ಮುಖ್ಯ ಕಾರಣವೇ ಇದು.

ಅದೇ ಋತುವಿನ ಫೈನಲ್ ಇನ್ನೊಂದು ತೊಡಕನ್ನು ತೋರಿಸುತ್ತದೆ. ದೆಹಲಿಯಲ್ಲಿ ಕರ್ನಾಟಕ 705 ಪೇರಿಸಿತು. ಬಿನ್ನಿ, ಬ್ರಿಜೇಶ್ ಪಟೇಲ್, ಖಾನ್ವಿಲ್ಕರ್, ಕಿರ್ಮಾನಿ ನಾಲ್ವರದೂ ಶತಕ. ದೆಹಲಿ 8 ವಿಕೆಟಿಗೆ 707. ಮೊಹಿಂದರ್ ಅಮರನಾಥ್ 185 ಹೊಡೆದು ಹೋದ ಮೇಲೆ ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಒಂಬತ್ತನೇ ವಿಕೆಟಿಗೆ ಮುರಿಯದ 118 ಸೇರಿಸಿ ಮೊದಲ ಇನ್ನಿಂಗ್ಸ್ ಮುನ್ನಡೆ ಕಿತ್ತುಕೊಂಡರು, ಅದರೊಂದಿಗೆ ಟ್ರೋಫಿಯನ್ನೂ. ಪಂದ್ಯ ಡ್ರಾ ಆದರೆ ಮುನ್ನಡೆಯೇ ನಿರ್ಣಾಯಕ ಎಂಬ ನಿಯಮವಿರುವಾಗ ರಣಜಿ ಫೈನಲ್ ಬಹಳ ಸಲ ಒಂದೇ ಇನ್ನಿಂಗ್ಸಿನ ಆಟ. ಸತ್ತ ಪಿಚ್ಚಿನ ಮೇಲೆ ಶತಕ ಹೊಡೆದ ನಾಲ್ವರ ಹೆಸರನ್ನು ನಾಕೌಟ್ ವೀರರ ಪಟ್ಟಿಗೆ ಸೇರಿಸುವುದೋ? ನಾನು ಸೇರಿಸುವುದಿಲ್ಲ. ಆ ಪಂದ್ಯದ ವೀರರು ದೆಹಲಿಯ ಬಾಲಂಗೋಚಿಗಳು. ಮರುವರ್ಷ ಕರ್ನಾಟಕ ಬಾಂಬೆಯನ್ನು ಅದರ ನೆಲದಲ್ಲೇ ಇದೇ ನಿಯಮದ ಬಲದಿಂದ, ಅಲ್ಪ ಮುನ್ನಡೆಯಲ್ಲಿ ಹಿಂದಿಕ್ಕಿ ಟ್ರೋಫಿ ತಂದಿತು. ಬಡ್ಡಿ ಸಮೇತ ವಸೂಲಿ ಎನ್ನಬಹುದು.

ಈ ನಿಯಮಕ್ಕೆ ಸಡ್ಡು ಹೊಡೆದದ್ದು 1999ರ ಫೈನಲ್. ಬೆಂಗಳೂರಿನಲ್ಲಿ ಮಧ್ಯಪ್ರದೇಶಕ್ಕೆ ಮುನ್ನಡೆ ದಕ್ಕಿಯಾಗಿತ್ತು; ಕೊನೆಯ ದಿನ ಡ್ರಾ ಮಾಡಿಕೊಂಡರೆ ಟ್ರೋಫಿ ಅವರದು. ಕರ್ನಾಟಕ ಹತ್ತೂ ವಿಕೆಟ್ ಕೀಳಲೇಬೇಕಿತ್ತು. ವಿಜಯ್ ಭಾರದ್ವಾಜ್ ಆಫ್‌ಸ್ಪಿನ್ ಹಾಕಿ 24 ರನ್ನಿಗೆ 6 ವಿಕೆಟ್ ತೆಗೆದರು. ಆ ಋತುವಿನ ರಣಜಿಯಲ್ಲಿ 1280 ರನ್ ಹೊಡೆದ ಬ್ಯಾಟರ್ ಟ್ರೋಫಿ ತಂದುಕೊಟ್ಟದ್ದು ಬೌಲಿಂಗಿನಲ್ಲಿ. ಸೋತ ನಾಯಕ ಚಂದ್ರಕಾಂತ್ ಪಂಡಿತ್ 2022ರಲ್ಲಿ ಅದೇ ಮೈದಾನದಲ್ಲಿ ಮಧ್ಯಪ್ರದೇಶದ ಕೋಚ್ ಆಗಿ ಟ್ರೋಫಿ ಎತ್ತಿ ಅತ್ತರು. 23 ವರ್ಷ ಅವರ ಎದೆಯಲ್ಲಿ ಕೂತಿದ್ದದ್ದು ಭಾರದ್ವಾಜ್ ಕೊಟ್ಟ ಪೆಟ್ಟು.

ಇಲ್ಲಿ ಇನ್ನೊಂದು ಮಾತು. ತೊಂಬತ್ತರ ದಶಕದಲ್ಲಿ ಶ್ರೀನಾಥ್, ಕುಂಬ್ಳೆ, ಪ್ರಸಾದ್, ದ್ರಾವಿಡ್ ಭಾರತ ತಂಡದ ಪ್ರವಾಸಗಳಲ್ಲಿರುತ್ತಿದ್ದರು. ರಣಜಿ ನಾಕೌಟ್ ಲೆಕ್ಕದಲ್ಲಿ ಅವರ ಖಾತೆ ತೆಳುವಾಗಿ ಕಂಡರೆ ಅದು ಅವರ ಕೊರತೆಯಲ್ಲ.

ಹೊಸ ಕಾಲದಲ್ಲಿ ಎಲ್ಲರ ಬಾಯಲ್ಲಿರುವುದು ಕರುಣ್ ನಾಯರ್ ಅವರ 328. 2015ರ ಮಾರ್ಚಿನಲ್ಲಿ ವಾಂಖೆಡೆಯಲ್ಲಿ ತಮಿಳುನಾಡಿನ ವಿರುದ್ಧ. ರಣಜಿ ಫೈನಲ್‌ಗಳಲ್ಲೇ ಅತಿ ದೊಡ್ಡ ಮೊತ್ತ, 1946-47ರ ಗುಲ್ ಮಹಮ್ಮದ್ ಅವರ 319 ಅನ್ನು ದಾಟಿದ್ದು. ಆದರೆ ಲೆಕ್ಕವನ್ನು ಬಿಡಿಸಿ ನೋಡಿ. ತಮಿಳುನಾಡು ಮೊದಲೇ 134ಕ್ಕೆ ಆಲೌಟ್. ಕರ್ನಾಟಕ 84ಕ್ಕೆ 5, ಕೆ.ಎಲ್. ರಾಹುಲ್ ಗಾಯಗೊಂಡು ಹೊರಗಿದ್ದರು. ಅವರು ಮರಳಿ ಬಂದು 188 ಹೊಡೆದರು, ಇಬ್ಬರೂ ಸೇರಿ 386 ಕಟ್ಟಿದರು. ಆ 328ರಲ್ಲಿ ನಿಜವಾಗಿ ಬೆಲೆಬಾಳುವುದು ಮುನ್ನಡೆ ಸಿಗುವವರೆಗಿನ ಮೊದಲ ಭಾಗ, ಮಿಕ್ಕಿದ್ದು ಹಬ್ಬ. ಪಂದ್ಯವನ್ನು ಮೊದಲ ದಿನವೇ ತಿರುಗಿಸಿದ್ದು 34ಕ್ಕೆ 5 ವಿಕೆಟ್ ಕಿತ್ತ ನಾಯಕ ವಿನಯ್ ಕುಮಾರ್, ಆಮೇಲೆ ಔಟಾಗದೆ 105 ಹೊಡೆದವರೂ ಅವರೇ. ಅದಕ್ಕೆ ಮುಂಚಿನ ಸೆಮಿಫೈನಲ್‌ನಲ್ಲಿ 20 ರನ್ನಿಗೆ 6 ವಿಕೆಟ್ ಕಿತ್ತು ಮುಂಬೈಯನ್ನು 44ಕ್ಕೆ ಉರುಳಿಸಿದ್ದರು. 2017ರ ಡಿಸೆಂಬರಿನಲ್ಲಿ ನಾಗಪುರದ ಕ್ವಾರ್ಟರ್ ಫೈನಲ್, ಮತ್ತೆ ಮುಂಬೈ, ಹ್ಯಾಟ್ರಿಕ್ ಸಮೇತ 34ಕ್ಕೆ 6. ಇದನ್ನು ಅದೃಷ್ಟ ಎನ್ನುವುದು ಹೇಗೆ? ದಾವಣಗೆರೆಯ ಈ ಬೌಲರ್ ಆಡಿದ್ದು ಒಂದೇ ಟೆಸ್ಟ್. ಕರ್ನಾಟಕದ ನಾಕೌಟ್ ಪಟ್ಟಿಯಲ್ಲಿ ನಾನು ವಿಶ್ವನಾಥ್ ಅವರ ಪಕ್ಕದಲ್ಲೇ ಅವರನ್ನು ಕೂರಿಸುತ್ತೇನೆ, ಭಟ್ ಅವರನ್ನು ಮೂರನೆಯವರಾಗಿ.

ಕರುಣ್‌ಗಿಂತ ಮೇಲೆ ಒಂದು ಸೋತ ಇನ್ನಿಂಗ್ಸನ್ನೂ ಇಡುತ್ತೇನೆ, ಬೈಯುವವರು ಬೈಯಲಿ. 2010ರ ಜನವರಿ, ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಫೈನಲ್. ಮುಂಬೈ ಒಡ್ಡಿದ ಗುರಿ 338. ಕರ್ನಾಟಕವೋ ಮೊದಲ ಇನ್ನಿಂಗ್ಸ್‌ನಲ್ಲಿ 130ಕ್ಕೆ ಕುಸಿದ ತಂಡ. ನಮ್ಮ ಬೌಲರ್ ಮಿಥುನ್ ಎರಡನೇ ಇನ್ನಿಂಗ್ಸ್‌ನಲ್ಲಿ 6 ವಿಕೆಟ್ ಕಿತ್ತಿದ್ದರಿಂದ ಆಸೆ ಉಳಿದಿತ್ತು. ಇಪ್ಪತ್ತರ ಮನೀಶ್ ಪಾಂಡೆ 144 ಹೊಡೆದರು. ಕರ್ನಾಟಕ 331ಕ್ಕೆ ನಿಂತಿತು. ಸೋಲು 6 ರನ್ನಿನದು. ಎನ್‌ಎಚ್‌ಎಲ್‌ನಲ್ಲಿ ಪ್ಲೇಆಫ್‌ನ ಶ್ರೇಷ್ಠ ಆಟಗಾರನಿಗೆ 1965ರಿಂದ ಕಾನ್ ಸ್ಮೈತ್ ಟ್ರೋಫಿ ಕೊಡುತ್ತಾರೆ, ಸೋತ ತಂಡದವನಿಗೂ ಕೊಟ್ಟದ್ದುಂಟು. 2024ರಲ್ಲಿ ಕಾನರ್ ಮೆಕ್‌ಡೇವಿಡ್‌ಗೆ ಸಿಕ್ಕಿದ್ದು ಹಾಗೆಯೇ. ನಮ್ಮ ಚರ್ಚೆಗಳಲ್ಲಿ ಸೋತ ಫೈನಲ್ ಎಂದರೆ ಆ ಪುಟವನ್ನೇ ಹರಿದುಹಾಕಿದ ಹಾಗೆ.

ಇನ್ನು ಕರುಣ್ ವಿಷಯದಲ್ಲಿ ಜಗಳ ಮುಗಿಯುವಂತಿಲ್ಲ. 2024-25ರ ಫೈನಲ್‌ನಲ್ಲಿ ನಾಗಪುರದಲ್ಲಿ ಕೇರಳದ ವಿರುದ್ಧ 86 ಮತ್ತು 135 ಹೊಡೆದು ಟ್ರೋಫಿ ಗೆಲ್ಲಿಸಿಕೊಟ್ಟರು, ವಿದರ್ಭಕ್ಕೆ. ನಾಕೌಟ್‌ನಲ್ಲಿ ನಿಲ್ಲುವ ಶಕ್ತಿ ಆಟಗಾರನದು ಎಂದರೆ ಆ 135ನ್ನೂ ಅವರ ಖಾತೆಗೇ ಬರೆಯಬೇಕು, ಆಗ ಅವರು ನನ್ನ ಪಟ್ಟಿಯಲ್ಲಿ ಪಾಂಡೆಯನ್ನು ದಾಟಿ ಮೇಲೇರುತ್ತಾರೆ. ಕರ್ನಾಟಕದ ಲೆಕ್ಕ ಮಾತ್ರ ಎಂದರೆ ಇದ್ದಲ್ಲೇ ಇರುತ್ತಾರೆ. ನಾನು ಬರೆದುಕೊಳ್ಳುವವರ ಕಡೆ.