ಐಹೊಳೆಯ ದುರ್ಗದ ಗುಡಿ: ಆಕಾರ ಮತ್ತು ಅರ್ಥ

ಹುನಗುಂದ ತಾಲ್ಲೂಕಿನ ಐಹೊಳೆಯ ದುರ್ಗದ ಗುಡಿಯ ಹಿಂಬದಿ ಗಜಪೃಷ್ಠಾಕಾರದ್ದು. 19ನೆಯ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ಅವರು ಇದರಲ್ಲಿ ಬೌದ್ಧ ಚೈತ್ಯದ ರೂಪವನ್ನು ಗುರುತಿಸಿದರು. ಯುರೋಪಿನ ಪುನರುಜ್ಜೀವನ ಕಾಲದ ಚರ್ಚುಗಳ ಅರ್ಧವೃತ್ತಾಕಾರದ ತುದಿಯನ್ನು ಬಲ್ಲ ಕಣ್ಣಿಗೂ ಇದು ಪರಿಚಿತವೆನಿಸುವುದು ಸಹಜ. ಆದರೆ ಹೋಲಿಕೆಯೊಂದೇ ಮೂಲವನ್ನು ಸಿದ್ಧಪಡಿಸಲಾರದು. ಹೆಬ್ಬಾಗಿಲಿನ ಶಾಸನವು ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ ಕಾಲದ್ದಾಗಿದ್ದು, ಆದಿತ್ಯನ ಆಲಯವನ್ನು ಉಲ್ಲೇಖಿಸುತ್ತದೆ. ‘ದುರ್ಗ’ವೆಂಬುದೂ ದೇವಿಯ ಹೆಸರಲ್ಲ, ಹಿಂದೆ ಗುಡಿಗೆ ಹೊಂದಿಕೊಂಡಿದ್ದ ಕೋಟೆಯಿಂದ ಬಂದುದು. ಇಲ್ಲಿಯ ದುಂಡುಗೋಡೆಯ ಸಾರ್ಥಕತೆ ತಿಳಿಯುವುದು ಕಂಬಸಾಲಿನ ಹೊರಪ್ರದಕ್ಷಿಣಾಪಥದಲ್ಲಿ ನಡೆದಾಗ. ನರಸಿಂಹನನ್ನು ದಾಟಿದ ಹೆಜ್ಜೆ ಮೂಲೆಯಲ್ಲಿ ಮುರಿಯದೆ ಬಾಗುತ್ತ ಸಾಗಿ ವರಾಹ, ಮಹಿಷಮರ್ದಿನಿ, ಹರಿಹರರತ್ತ ಹೊರಳುತ್ತದೆ. ಹೊರನೋಟದಿಂದಷ್ಟೇ ಮೂಲವನ್ನು ನಿರ್ಣಯಿಸಿದ ವಿಮರ್ಶೆ ಶಾಸನವನ್ನೂ ಈ ನಡಿಗೆಯನ್ನೂ ಕಡೆಗಣಿಸಿತು. ಗುಡಿಯ ಅರ್ಥನಿರ್ಣಯಕ್ಕೆ ಇವೆರಡೂ ಆಕಾರದಷ್ಟೇ ಅಗತ್ಯವಾದ ಆಧಾರಗಳು.