ಒಂದೆರಡು ಸೆಂಟಿಮೀಟರಿನ ಜಾಣ್ಮೆ

ಎರಡೂ ತುದಿ ಮೇಲಕ್ಕೆ ಬಾಗಿದ ಟ್ವಿನ್-ಟಿಪ್ ಸ್ಕೀಯನ್ನು ಜನಪ್ರಿಯಗೊಳಿಸಿದ್ದು 1998ರ ಸಾಲೊಮನ್ ‘ಟೆನ್ ಎಯ್ಟಿ’. ಹಿಮ್ಮುಖವಾಗಿಯೂ ಜಾರಲೆಂದು ಹುಟ್ಟಿದ ಇದನ್ನು ಇಡೀ ಬೆಟ್ಟಕ್ಕೆ ಒಗ್ಗಿಸುವುದು, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಕೂರಿಸುವವನ ಕೈಚಳಕ.

ನಟ್ಟನಡುವೆ ಕೂರಿಸಿದರೆ ಗಾಳಿಯಲ್ಲಿ ಗಿರಕಿ ಹೊಡೆಯುವುದು ಸಲೀಸು. ಆದರೆ ಆಳವಾದ ಹೊಸ ಹಿಮದಲ್ಲಿ ಮೂತಿ ಹೂತುಹೋಗುತ್ತದೆ. ತೀರಾ ಹಿಂದಕ್ಕೆ ಸರಿಸಿದರೆ ಹಿಮದ ಮೇಲೆ ಚೆನ್ನಾಗಿ ತೇಲುತ್ತದೆ, ತಿರುವಿನಲ್ಲಿ ಮಾತ್ರ ಮೊಂಡು ಹಿಡಿಯುತ್ತದೆ. ಬಲ್ಲವನು ತಯಾರಕರ ಗೆರೆಯಿಂದ ಶುರುಮಾಡಿ, ಸ್ಕೀಯರ್ ಎಲ್ಲಿ, ಹೇಗೆ ಜಾರುತ್ತಾನೆಂದು ಕೇಳಿ, ಅಳೆದೂ ಸುರಿದೂ ಒಂದೆರಡು ಸೆಂಟಿಮೀಟರ್ ಅತ್ತಿತ್ತ ಸರಿಸುತ್ತಾನೆ.

ಆಮೇಲಿನದನ್ನು ಹತ್ತಿರ ನಿಂತು ನೋಡಬೇಕು. ಬೂಟಿನ ಅಟ್ಟೆಯ ನಡುಗುರುತನ್ನು ಗೆರೆಗೆ ಕೂದಲೆಳೆಯಷ್ಟೂ ತಪ್ಪದಂತೆ ಹೊಂದಿಸಿ, ತೂತಿನ ಜಾಗ ತೋರಿಸುವ ಜಿಗ್ ಬಿಗಿಯುತ್ತಾನೆ. ಡ್ರಿಲ್ ಬಿಟ್‌ಗೆ ತಡೆಬಳೆಯಿದೆ. 9 ಮಿಲಿಮೀಟರ್ ಇಳಿದು ಅಲ್ಲೇ ನಿಲ್ಲುತ್ತದೆ. ಬರಿಯ ಮರದ ತಿರುಳಿಗೆ 3.5 ಮಿಲಿಮೀಟರ್ ಬಿಟ್, ಒಳಗೆ ಲೋಹದ ಹಾಳೆಯಿದ್ದರೆ 4.1. ತೂತಿನಂಚಿನ ಸಿಪ್ಪೆ ಕೆರೆದು, ಪುಡಿ ಊದಿ, ನೀರು ಇಳಿಯದಂತೆ ತೊಟ್ಟು ಅಂಟು ಬಿಟ್ಟು, ಸ್ಕ್ರೂವಿನ ಕೊನೆಯ ಸುತ್ತನ್ನು ಕೈಯಿಂದಲೇ ತಿರುಗಿಸುತ್ತಾನೆ.

ಕೊರೆದ ತೂತು ಜರುಗದು. ಹಾಗಾಗಿ ಇಳಿಜಾರಿನಲ್ಲಿ ಸ್ಕೀಯರ್‌ಗೆ ಸಿಗುವ ಶಹಬಾಸ್‌ಗಿರಿಯಲ್ಲಿ ಒಂದು ಪಾಲು ಈ ಕಸುಬುದಾರನಿಗೂ ಸಲ್ಲಬೇಕು.